ಹಸುವಿನ ಸಾಮಾನು, ಆಡಿನ ಕೆಚ್ಚಲು: ಹಾಲು ಬತ್ತಿಸಿ ಹೋತಕ್ಕೆ ಬಿಡುವವರೆಗೆ ಯಾವುದು ಕೆಲಸಕ್ಕೆ ಬರುತ್ತದೆ?

ಹಾಲಿನ ಆಡನ್ನು ಬತ್ತಿಸಲು ಆಡಿಗೆಂದೇ ತಯಾರಾದ ಸಾಮಾನು ಸಿಗುವುದು ಬಹಳ ಅಪರೂಪ. ಕೆಚ್ಚಲಿಗೆ ಏರಿಸುವ ಟ್ಯೂಬು ಹಸುವಿನದು. ಮೊಲೆತೊಟ್ಟಿನ ರಂಧ್ರ ಮುಚ್ಚುವ ಸೀಲಂಟೂ ಹಸುವಿನದೇ. ಬಾವು ಪರೀಕ್ಷೆಯ ತಟ್ಟೆಗೆ ನಾಲ್ಕು ಬಟ್ಟಲು ಇರುವುದು ಹಸುವಿಗೆ ನಾಲ್ಕು ತೊಟ್ಟು ಇರುವುದರಿಂದ. ಬೆದೆಯ ಕಾಲ ಬಂದಾಗ ಹೋತನ ಎದೆಗೆ ಕಟ್ಟುವ ಬಣ್ಣದ ಪಟ್ಟಿ ಟಗರಿನ ಅಳತೆಯದು. ಆದ್ದರಿಂದ ಇಂಥ ಸಾಮಾನನ್ನು ತೂಗಿ ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಪೊಟ್ಟಣದ ಮೇಲೆ ಬರೆದದ್ದರಲ್ಲಿ ಎಷ್ಟು ಆಡಿಗೆ ಹೊಂದುತ್ತದೆ, ಎಲ್ಲಿ ಆ ಬರಹವನ್ನು ಬದಿಗಿಡಬೇಕು? ಇಲ್ಲಿ ಬ್ರಾಂಡುಗಳ ಹೋಲಿಕೆ ಇಲ್ಲ. ಬ್ರಾಂಡು ಬದಲಾದರೂ ಈ ಸಾಮಾನುಗಳ ಗುಣದೋಷ ಹೆಚ್ಚು ಬದಲಾಗುವುದಿಲ್ಲ.

ಸಾಮಾನಿಗೆ ಕೈಹಾಕುವ ಮುನ್ನ ದಿನಗಳ ಲೆಕ್ಕ ಸರಿಯಿರಲಿ. ಆಡಿನ ಗಬ್ಬದ ಅವಧಿ ಸುಮಾರು 150 ದಿನ, ನಾಲ್ಕೈದು ದಿನ ಹಿಂದೆಮುಂದೆ ಆಗಬಹುದು. ಈಯುವ ಮುನ್ನ 60 ದಿನ ಕೆಚ್ಚಲಿಗೆ ಬಿಡುವು ಬೇಕು. 45ಕ್ಕಿಂತ ಕಡಿಮೆಯಾದರೆ ಮುಂದಿನ ಸೂಲಿನ ಹಾಲಿಗೂ ಗಿಣ್ಣಿನ ಗುಣಕ್ಕೂ ಪೆಟ್ಟು. ಅಂದರೆ ಹಾಲು ಕರೆಯುತ್ತಿರುವಾಗಲೇ ಹೋತಕ್ಕೆ ಬಿಟ್ಟು, ಗಬ್ಬ 90 ದಿನ ತುಂಬಿದಾಗ ಬತ್ತಿಸುವುದು ಸಾಮಾನ್ಯ ಕ್ರಮ. ಅಕ್ಟೋಬರ್ 10ರಂದು ಹೋತ ಹಾರಿದ್ದರೆ ಜನವರಿ 8ಕ್ಕೆ ಬತ್ತಿಸಬೇಕು, ಮಾರ್ಚ್ 9ರ ಆಸುಪಾಸಿನಲ್ಲಿ ಈಯುತ್ತದೆ. ಇನ್ನೊಂದು ಕ್ರಮವೂ ಇದೆ. ಸೊರಗಿದ, ಹಾಲು ತೀರ ಇಳಿದ, ಇನ್ನೂ ಗಬ್ಬವಾಗದ ಆಡನ್ನು ಮೊದಲು ಬತ್ತಿಸಿ, ಮೈ ತುಂಬಿಸಿ, ಆಮೇಲೆ ಬೆದೆಗೆ ಸಿದ್ಧಮಾಡುವುದು. ಎರಡರಲ್ಲೂ ಬೇಕಾಗುವ ಸಾಮಾನು ಬಹುಪಾಲು ಒಂದೇ. ಆದರೆ ಔಷಧಿಯ ವಿಷಯದಲ್ಲಿ ಗಬ್ಬದ ಆಡು ಬೇರೆ, ಗಬ್ಬವಿಲ್ಲದ ಆಡು ಬೇರೆ. ಇದನ್ನು ಮರೆತವರು ಮುಂದೆ ಹೇಳುವ ಎರಡು ಕಡೆ ಮರಿ ಕಳೆದುಕೊಳ್ಳುತ್ತಾರೆ.

ಸಿಎಂಟಿ ತಟ್ಟೆ

ಈ ಇಡೀ ಪಟ್ಟಿಯಲ್ಲಿ ಒಂದೇ ವಸ್ತು ಕೊಳ್ಳುವುದಾದರೆ ಕೆಚ್ಚಲು ಬಾವು ಪತ್ತೆಹಚ್ಚುವ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟಿನ (ಸಿಎಂಟಿ) ತಟ್ಟೆ ಮತ್ತು ದ್ರಾವಣ ಕೊಳ್ಳಿ. ಶಾಮ್ ಮತ್ತು ನೂರ್ಲ್ಯಾಂಡರ್ 1957ರಲ್ಲಿ ಪ್ರಕಟಿಸಿದ ಈ ವಿಧಾನ ಇವತ್ತಿಗೂ ಹಾಗೆಯೇ ನಡೆದುಬಂದಿದೆ. ದ್ರಾವಣವೆಂದರೆ ಮೂಲತಃ ಮಾರ್ಜಕ. ಅದು ಹಾಲಿನಲ್ಲಿರುವ ಜೀವಕೋಶಗಳನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಲೋಳೆಯಾಗುತ್ತದೆ. ಕೋಶ ಹೆಚ್ಚಿದ್ದಷ್ಟೂ ಲೋಳೆ ದಪ್ಪ. ಜೊತೆಗಿರುವ ನೇರಳೆ ಬಣ್ಣ ಹಾಲಿನ ಆಮ್ಲೀಯತೆಯನ್ನು ತೋರಿಸುತ್ತದೆ. ಬಾವನ್ನು ಓದಬೇಕಾದದ್ದು ಬಣ್ಣದಿಂದ ಅಲ್ಲ, ಲೋಳೆಯಿಂದ.

ಮಾಡುವ ಬಗೆ ಸುಲಭ. ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಬಿಟ್ಟು, ಮುಂದಿನ ಒಂದೊಂದು ಧಾರೆಯನ್ನು ಒಂದೊಂದು ಬಟ್ಟಲಿಗೆ ಹಿಂಡಬೇಕು. ತಟ್ಟೆಯನ್ನು ಓರೆ ಮಾಡಿದರೆ ಹೆಚ್ಚಿನ ಹಾಲು ಹರಿದುಹೋಗಿ ಗೆರೆಯವರೆಗೆ ಎರಡು ಮಿಲಿಲೀಟರಿನಷ್ಟು ಉಳಿಯುತ್ತದೆ. ಅಷ್ಟೇ ದ್ರಾವಣ ಸೇರಿಸಿ, ತಟ್ಟೆಯನ್ನು ಅಡ್ಡಲಾಗಿ ಹಿಡಿದು ಹತ್ತು ಸೆಕೆಂಡು ಗುಂಡಗೆ ತಿರುಗಿಸುತ್ತಲೇ ನೋಡಬೇಕು. ಇಪ್ಪತ್ತು ಸೆಕೆಂಡಿನೊಳಗೆ ತೀರ್ಮಾನ ಆಗಬೇಕು. ಆಮೇಲೆ ತೆಳು ಲೋಳೆ ಕರಗಿಹೋಗುತ್ತದೆ. ನೀರಿನಂತೆ ಹರಿದರೆ ಸೊನ್ನೆ. ತೆಳ್ಳಗೆ ಎಳೆಯೆದ್ದು ಮಾಯವಾದರೆ ಸುಳಿವು. ದಪ್ಪಗಾದರೂ ಒಂದೆಡೆ ಸೇರದಿದ್ದರೆ 1, ನಡುವಿಗೆ ಸರಿದು ಗುಂಪಾದರೆ 2, ಮುದ್ದೆಯಾಗಿ ಉಬ್ಬಿ ತಳಕ್ಕೆ ಅಂಟಿದರೆ 3.

ಪೊಟ್ಟಣದ ಕೋಷ್ಟಕ ಆಡಿಗೆ ಹೊಂದದೇ ಹೋಗುವುದು ಇಲ್ಲಿಯೇ. ಆಡಿನ ಹಾಲು ಸ್ರವಿಸುವ ರೀತಿಯೇ ಬೇರೆ. ಗ್ರಂಥಿಕೋಶಗಳ ತುದಿಯ ತುಣುಕುಗಳೂ ಹಾಲಿನೊಂದಿಗೆ ಕಳಚಿ ಬರುತ್ತವೆ. ಸೂಲಿನ ಕೊನೆಗೆ ಬಂದಂತೆ, ಬೆದೆಯಲ್ಲಿದ್ದಾಗಲೂ, ಸೋಂಕಿಲ್ಲದ ಕೆಚ್ಚಲಿನಲ್ಲೇ ನಿಜವಾದ ಕೋಶಗಳ ಎಣಿಕೆ ಏರುತ್ತದೆ. ಮಿಲಿಲೀಟರಿಗೆ ಹತ್ತು ಲಕ್ಷ ದಾಟುವುದೂ ಉಂಟು. ಹಸುವಿನಲ್ಲಿ 1 ಬಂದರೆ ಅನುಮಾನಪಡಬೇಕು. ಬತ್ತಿಸುವ ಹೊತ್ತಿನ ಆಡಿನಲ್ಲಿ ಎರಡೂ ಕಡೆ 1 ಬಂದರೆ ಅದು ಮಾಮೂಲು. ಎಡ ಬಲದ ನಡುವಿನ ಅಂತರವನ್ನು ನೋಡಬೇಕು. ಎಡಕ್ಕೆ ಸುಳಿವು, ಬಲಕ್ಕೆ 3 ಎಂದಾದರೆ ಬಲಗಡೆ ಏನೋ ನಡೆಯುತ್ತಿದೆ. ಎರಡೂ ಕಡೆ 3 ಬಂದರೆ ಮೂರು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಹಾಗೇ ಇದ್ದರೆ ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿ. ಪರೀಕ್ಷೆಯನ್ನು ಕೊನೆಯ ಹಿಂಡುವಿಕೆಗಿಂತ ಹತ್ತರಿಂದ ಹದಿನಾಲ್ಕು ದಿನ ಮುಂಚೆ ಮಾಡಿದರೆ ವರದಿ ಕೈಗೆ ಬರಲು ಸಮಯ ಇರುತ್ತದೆ. ಕೊನೆಯ ದಿನ, ಹಾಲು ಅರ್ಧ ಲೋಟಕ್ಕೆ ಇಳಿದಾಗ ಮಾಡಿದ ಪರೀಕ್ಷೆಯಲ್ಲಿ ಎಲ್ಲವೂ ದಪ್ಪವಾಗಿಯೇ ಕಾಣುತ್ತದೆ. ಗಿಣ್ಣು ಹಾಲಿನಲ್ಲಿ ಮಾಡಿದರೂ ಅದೇ ಗತಿ.

ತಟ್ಟೆಯನ್ನು ಸೋಪಿನಿಂದ ತೊಳೆದರೆ ಚೆನ್ನಾಗಿ ಜಾಲಾಡಿಸಿ. ಮಾರ್ಜಕದ ಪಸೆ ಉಳಿದರೆ ಮುಂದಿನ ಫಲಿತಾಂಶ ನಂಬುವಂತಿಲ್ಲ. ಎರಡು ಬಟ್ಟಲು ಖಾಲಿ ಉಳಿಯುತ್ತವೆಂದು ಎರಡು ಆಡುಗಳ ಹಾಲನ್ನು ಒಂದೇ ತಟ್ಟೆಯಲ್ಲಿ ನೋಡುವವರಿದ್ದಾರೆ. ನೋಡಬಹುದು, ಆದರೆ ತಟ್ಟೆಯ ಹಿಡಿಕೆ ಯಾವ ಕಡೆಗೆ ಎಂದು ಗುರುತಿಟ್ಟುಕೊಳ್ಳದಿದ್ದರೆ ಎಡ ಬಲ ಅದಲುಬದಲಾಗುತ್ತದೆ.

ಟ್ಯೂಬು

ಬತ್ತಿಸುವಾಗ ಏರಿಸುವ ಆಂಟಿಬಯೋಟಿಕ್ ಟ್ಯೂಬು ಬಲ್ಲವರ ಕೈಯಲ್ಲಿ ಬಹಳ ಒಳ್ಳೆಯ ಸಾಧನ; ಎಲ್ಲ ಆಡಿಗೂ ಕಣ್ಣುಮುಚ್ಚಿ ಏರಿಸುವವರ ಕೈಯಲ್ಲಿ ದಂಡ. ಬೆಂಜಥೀನ್ ಕ್ಲಾಕ್ಸಾಸಿಲಿನ್, ಬೆಂಜಥೀನ್ ಸೆಫಪೈರಿನ್ ಇಂಥವು ನಿಧಾನವಾಗಿ ಬಿಡುಗಡೆಯಾಗುವ ಎಣ್ಣೆಯ ತಳದಲ್ಲಿರುತ್ತವೆ, ವಾರಗಟ್ಟಲೆ ಕೆಚ್ಚಲಿನಲ್ಲಿ ಉಳಿಯುತ್ತವೆ. ಹಾಲು ಕೊಡುವಾಗ ಬಳಸುವ ಟ್ಯೂಬು ಬೇರೆ, ಬತ್ತಿಸುವಾಗಿನ ಟ್ಯೂಬು ಬೇರೆ. ನೋಡಲು ಎರಡೂ ಒಂದೇ ತರ. ಅದಲುಬದಲಾಗಿ ಬತ್ತಿಸುವ ಟ್ಯೂಬು ಹಾಲಿನ ಆಡಿಗೆ ಹೋದರೆ ಅದರ ಹಾಲನ್ನು ವಾರಗಟ್ಟಲೆ ಚೆಲ್ಲಬೇಕು. ಬೇರೆ ಬೇರೆ ಡಬ್ಬಿಯಲ್ಲಿಟ್ಟು ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿಡುವುದಕ್ಕಿಂತ ದೊಡ್ಡ ಉಪಾಯ ಇಲ್ಲ.

ಹಸುವಿನ ಲೇಬಲಿನಲ್ಲಿ ಬರೆದ ಹಾಲು ತಡೆಯುವ ಅವಧಿ ಆಡಿಗೆ ಅನ್ವಯಿಸುವುದಿಲ್ಲ. ಆಡಿಗೆ ಇದು ಲೇಬಲಿನಾಚೆಯ ಬಳಕೆ; ಟ್ಯೂಬನ್ನೂ ಈದ ಮೇಲೆ ಎಷ್ಟು ದಿನ ಹಾಲು ತಡೆಯಬೇಕೆಂಬುದನ್ನೂ ಪಶುವೈದ್ಯರೇ ಹೇಳಬೇಕು. ಏರಿಸಿದ ದಿನಾಂಕವನ್ನು ಬರೆದಿಡಿ. ಹೋತ ಹಾರಿದ ದಿನ ತಪ್ಪಾಗಿ ಬರೆದಿದ್ದು ಆಡು ಇಪ್ಪತ್ತು ದಿನ ಮುಂಚೆಯೇ ಈದರೆ ಆ ಇಪ್ಪತ್ತು ದಿನದ ಲೆಕ್ಕ ಹಾಲಿನಲ್ಲಿ ಉಳಿದ ಔಷಧಿಯಾಗಿ ಬರುತ್ತದೆ.

ಯಾವ ಆಡಿಗೆ ಏರಿಸಬೇಕು? ಎಡ ಬಲದ ಅಂತರ ತೋರಿಸಿದ ಆಡಿಗೆ, ಪ್ರಯೋಗಾಲಯದಲ್ಲಿ ರೋಗಾಣು ಬೆಳೆದ ಆಡಿಗೆ, ಈ ಸೂಲಿನಲ್ಲಿ ಕೆಚ್ಚಲು ಬಾವು ಬಂದುಹೋದ ಆಡಿಗೆ. ಉಳಿದವಕ್ಕೆ ಬೇಡ. ಆಡುಗಳಲ್ಲಿ ಹೊರಗೆ ಕಾಣದ ಕೆಚ್ಚಲು ಬಾವಿಗೆ ಬಹುಪಾಲು ಕಾರಣ ಕೋಅಗ್ಯುಲೇಸ್ ನೆಗೆಟಿವ್ ಸ್ಟಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಗಳ ಗುಂಪು. ಬತ್ತಿಸುವಾಗಿನ ಟ್ಯೂಬಿಗೆ ಅವು ಚೆನ್ನಾಗಿ ಬಗ್ಗುತ್ತವೆ. ಸ್ಟಾಫಿಲೋಕಾಕಸ್ ಆರಿಯಸ್ ಹಳತಾಗಿ ಒಳಗೆ ಗಂಟು ಕಟ್ಟಿದ್ದರೆ ಟ್ಯೂಬಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಮೈಕೋಪ್ಲಾಸ್ಮಾಕ್ಕೆ ಕ್ಲಾಕ್ಸಾಸಿಲಿನ್ ತಾಗುವುದೇ ಇಲ್ಲ, ಆ ರೋಗಾಣುವಿಗೆ ಕೋಶಭಿತ್ತಿಯೇ ಇಲ್ಲವಲ್ಲ. ಸಿಎಇ ಎಂಬ, ಆಡಿನ ಕೀಲು ಮತ್ತು ಮಿದುಳಿಗೆ ಬಾವು ತರುವ ರೋಗದ ವೈರಸ್ಸಿನಿಂದ ಕೆಚ್ಚಲು ಕಲ್ಲಾದ ಆಡಿಗಂತೂ ಯಾವ ಟ್ಯೂಬೂ ವ್ಯರ್ಥ.

ಏರಿಸುವ ಕ್ರಮದಲ್ಲೇ ಹೆಚ್ಚಿನ ಅನಾಹುತ. ಕೆಚ್ಚಲನ್ನು ಪೂರ್ತಿ ಹಿಂಡಿ ಬರಿದು ಮಾಡಿ. ಕೈಗವಸು ಹಾಕಿ. ಸ್ಪಿರಿಟ್ ಹತ್ತಿಯಿಂದ ದೂರದ ತೊಟ್ಟನ್ನು ಮೊದಲು ಒರೆಸಿ, ಹತ್ತಿರದ್ದನ್ನು ಆಮೇಲೆ. ಹತ್ತಿ ಕೊಳೆಯಾಗದೆ ಹೊರಬರುವವರೆಗೆ ಹೊಸ ಹೊಸ ತುಂಡಿನಿಂದ ಒರೆಸುತ್ತಿರಬೇಕು. ಏರಿಸುವಾಗ ತಿರುವುಮುರುವು: ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಹೀಗೆ ಮಾಡಿದರೆ ಒರೆಸಿದ ತೊಟ್ಟಿಗೆ ತೋಳು ಉಜ್ಜುವುದಿಲ್ಲ. ಹಲವು ಟ್ಯೂಬುಗಳ ಮುಚ್ಚಳಕ್ಕೆ ಎರಡು ಹಂತ ಇರುತ್ತದೆ. ತುದಿಯನ್ನು ಮಾತ್ರ ಮುರಿದರೆ ಮೂರು ಮಿಲಿಮೀಟರಿನಷ್ಟು ಚಿಕ್ಕ ಮೂತಿ, ಪೂರ್ತಿ ತೆಗೆದರೆ ಉದ್ದ ಮೂತಿ. ಆಡಿಗೆ ಚಿಕ್ಕದೇ ಸಾಕು, ಅದೇ ಬೇಕು. ಉದ್ದ ಮೂತಿಯನ್ನು ತಳ್ಳಿದರೆ ತೊಟ್ಟಿನ ನಾಳದ ಒಳಪದರ ಹಿಗ್ಗಿ ಹರಿಯುತ್ತದೆ, ರೋಗಾಣುಗಳನ್ನು ತಡೆಯುವ ಕೆರಟಿನ್ ಎಂಬ ಮೇಣದಂಥ ಪದರ ಕಿತ್ತುಬರುತ್ತದೆ. ಮೊದಲ ಸೂಲಿನ ಆಡುಗಳ ಸಣ್ಣ ತೊಟ್ಟಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಒಂದು ಟ್ಯೂಬನ್ನು ಎರಡೂ ತೊಟ್ಟಿಗೆ ಅರ್ಧರ್ಧ ಹಂಚುವ ಅಭ್ಯಾಸ ಎಲ್ಲೆಲ್ಲೂ ಇದೆ. ಆಡು ಚಿಕ್ಕದು, ಅರ್ಧ ಸಾಕು ಎಂಬ ತರ್ಕ. ಒಂದು ತೊಟ್ಟಿನ ರೋಗಾಣುವನ್ನು ಇನ್ನೊಂದಕ್ಕೆ ದಾಟಿಸಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಒಂದು ತೊಟ್ಟಿಗೆ ಒಂದು ಟ್ಯೂಬು, ಪೂರ್ತಿ. ಟ್ಯೂಬುಗಳನ್ನು ಬೆಚ್ಚಗೆ ಮಾಡಲು ಬಿಸಿನೀರಿನಲ್ಲಿ ಅದ್ದುವುದೂ ಬೇಡ. ಮೂತಿಗೆ ಅಂಟಿದ ನೀರಿನಲ್ಲಿ ಸೂಡೊಮೊನಾಸ್‌ನಂಥ ರೋಗಾಣುಗಳು ಒಳಹೋಗುತ್ತವೆ.

ಸೀಲಂಟು, ಅದ್ದುವ ದ್ರಾವಣ

ಒಳಗೆ ಏರಿಸುವ ಸೀಲಂಟಿನಲ್ಲಿ ಔಷಧಿಯೇನೂ ಇಲ್ಲ. ಬಿಸ್ಮತ್ ಸಬ್‌ನೈಟ್ರೇಟ್ ಎಂಬ ಭಾರದ ಪುಡಿಯನ್ನು ಪ್ಯಾರಫಿನ್ ಎಣ್ಣೆಯಲ್ಲಿ ಕಲಸಿದ ಬಿರಡೆ, ಅಷ್ಟೆ. ಹಸುವಿನಲ್ಲಿ ಇದರ ಫಲ ಚೆನ್ನಾಗಿದೆ. ಆಡಿನಲ್ಲಿ ಎರಡು ತೊಡಕು. ಹಸುವಿನ ಅಳತೆಗೆ ತುಂಬಿಸಿದ ನಾಲ್ಕು ಗ್ರಾಂ ಆಡಿನ ತೊಟ್ಟಿಗೆ ಹೆಚ್ಚಾಗಿ, ತೊಟ್ಟಿನ ಬುಡವನ್ನು ಬೆರಳಿನಿಂದ ಬಿಗಿಹಿಡಿಯದಿದ್ದರೆ ಮೇಲೆ ಕೆಚ್ಚಲಿಗೆ ನುಗ್ಗುತ್ತದೆ. ಬುಡ ಹಿಸುಕಿ ಹಿಡಿದು ನಿಧಾನವಾಗಿ ತಳ್ಳಿ, ಬೆರಳಿಗೆ ಒತ್ತಡ ತಾಗಿದೊಡನೆ ನಿಲ್ಲಿಸಬೇಕು. ಆಮೇಲೆ ತೊಟ್ಟನ್ನು ನೀವಬಾರದು. ಇನ್ನೊಂದು ತೊಡಕು ಇನ್ನೂ ದೊಡ್ಡದು: ಶುಚಿಯಿಲ್ಲದೆ ಏರಿಸಿದರೆ ಕೊಳೆಯನ್ನೂ ಒಳಗೇ ಬಿರಡೆ ಹಾಕಿದಂತಾಗುತ್ತದೆ, ಎದುರಿಸಲು ಆಂಟಿಬಯೋಟಿಕ್ ಕೂಡ ಇಲ್ಲ. ಹೀಗಾದ ಕೆಚ್ಚಲು ಬಾವು ಒಂದೆರಡು ದಿನದಲ್ಲೇ ಆಡನ್ನು ಸಾಯಿಸಬಲ್ಲದು.

ಈದ ಮೇಲೆ ಮರಿ ಬಾಯಿ ಹಾಕುವ ಮುನ್ನ ಬುಡದಿಂದ ತುದಿಗೆ ಹತ್ತು ಹನ್ನೆರಡು ಸಲ ಹಿಂಡಿ ತೆಗೆಯಬೇಕು. ಆದರೂ ಕೆಲವು ದಿನ ಹಾಲಿನಲ್ಲಿ ಬಿಳಿ ಚೂರು ಬರುತ್ತಿರುತ್ತದೆ, ಬಾವಿನ ಗರಣೆ ಎಂದು ಹೆದರುವುದುಂಟು. ಬೆರಳ ನಡುವೆ ಉಜ್ಜಿ ನೋಡಿ: ಸೀಲಂಟು ಜಿಡ್ಡಾಗಿ ಬಳಿಯುತ್ತದೆ, ಬಾವಿನ ಗರಣೆ ಜಿಡ್ಡಿಲ್ಲದೆ ಪುಡಿಯಾಗುತ್ತದೆ. ಹಾಲನ್ನು ಚೀಸ್ ಮಾಡಿ ತಿಂಗಳುಗಟ್ಟಲೆ ಹಣ್ಣಾಗಿಸುವವರಿಗೆ ಈ ಸೀಲಂಟು ಬೇಡವೇ ಬೇಡ. ಬಿಸ್ಮತ್ ಗಂಧಕದೊಂದಿಗೆ ಸೇರಿ ಚೀಸಿನಲ್ಲಿ ಕಪ್ಪು ಚುಕ್ಕೆ ಮೂಡಿಸುತ್ತದೆ. ಒಟ್ಟಿನಲ್ಲಿ ನಾಲ್ಕಾರು ಆಡು ಸಾಕುವವರಿಗೆ ಒಳ ಸೀಲಂಟು ಅನಗತ್ಯವೆಂದೇ ನಮ್ಮ ಅಭಿಪ್ರಾಯ. ಹೊರಗೆ ಪದರ ಕಟ್ಟುವ ಬಗೆ ನಿರಪಾಯ, ಆದರೆ ನಾಲ್ಕೈದು ದಿನಕ್ಕೆ ಸಿಪ್ಪೆಯೆದ್ದು ಹೋಗುತ್ತದೆ.

ಸಾಧಾರಣ ಅಯೋಡಿನ್ ದ್ರಾವಣ, 0.5 ಪ್ರತಿಶತದ್ದು, ಗ್ಲಿಸರಿನ್ ಸೇರಿದ್ದು, ಇದರ ಮುಂದೆ ಎಷ್ಟೋ ಮೇಲು. ಕೊನೆಯ ಹಿಂಡುವಿಕೆಯ ನಂತರ ತೊಟ್ಟು ಪೂರ್ತಿ ಮುಳುಗುವಂತೆ ಅದ್ದಿ, ಮೂವತ್ತು ಸೆಕೆಂಡು ಒರೆಸದೆ ಬಿಡಿ. ಮುಂದಿನ ಒಂದು ವಾರ ದಿನಕ್ಕೊಮ್ಮೆ ಅದ್ದಿ. ತೊಟ್ಟಿನ ನಾಳದಲ್ಲಿ ಸಹಜವಾದ ಕೆರಟಿನ್ ಬಿರಡೆ ಕಟ್ಟಿಕೊಳ್ಳಲು ಹಿಡಿಯುವ ಈ ದಿನಗಳಲ್ಲೇ ಹೊಸ ಸೋಂಕು ಹೆಚ್ಚು. ಅದ್ದಿ ಮಿಕ್ಕಿದ್ದನ್ನು ಬಾಟಲಿಗೆ ಮರಳಿ ಸುರಿಯಬಾರದು. ಸಿಂಪಡಿಸುವ ಬಾಟಲಿ ಸುಲಭ ಅನ್ನಿಸುತ್ತದೆ, ಆದರೆ ತೊಟ್ಟಿನ ಹಿಂಬದಿ ಒಣಗಿಯೇ ಉಳಿಯುತ್ತದೆ.

ಹಾಲು ಇಳಿಸುವ ಔಷಧಿಗಳು

ಚುಟುಕಾಗಿ ಹೇಳುವುದಾದರೆ: ಬೇಡ. ಹಸುವಿನ ಹಾಲು ಇಳಿಸಲೆಂದು ಬಂದ ಕ್ಯಾಬರ್ಗೋಲಿನ್ ಚುಚ್ಚುಮದ್ದನ್ನು, ಹಸುಗಳು ನೆಲಹಿಡಿದು ಕೆಲವು ಸತ್ತ ಮೇಲೆ, 2016ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಪುದೀನ, ಸೇಜ್ ಎಲೆ, ವಿನೆಗರ್ ಕುಡಿಸುವ ಸಲಹೆಗಳೂ ಓಡಾಡುತ್ತವೆ. ಅವುಗಳ ಜೊತೆಗೆ ದಾಣಿಯನ್ನೂ ನಿಲ್ಲಿಸಿರುತ್ತಾರೆ, ಕೆಲಸ ಮಾಡುವುದು ಅದೇ.

ಹಾಲು ನಿಲ್ಲಿಸುವುದು ಕೆಚ್ಚಲೊಳಗಿನ ಒತ್ತಡ. ದಿನಕ್ಕೆ ಒಂದು ಲೀಟರು ಅಥವಾ ಕಡಿಮೆ ಕೊಡುವ ಆಡನ್ನು ಒಂದೇ ಸಲಕ್ಕೆ ನಿಲ್ಲಿಸಬಹುದು. ಹೆಚ್ಚು ಕೊಡುತ್ತಿದ್ದರೆ ವಾರ ಮುಂಚೆ ದಾಣಿ ನಿಲ್ಲಿಸಿ, ದ್ವಿದಳ ಮೇವಿನ ಬದಲು ಒರಟು ಒಣಹುಲ್ಲು ಹಾಕಿ, ಎರಡು ಹೊತ್ತಿನ ಹಿಂಡುವಿಕೆಯನ್ನು ಒಂದು ಹೊತ್ತಿಗೆ ಇಳಿಸಿ, ಆಮೇಲೆ ಪೂರ್ತಿ ನಿಲ್ಲಿಸಬೇಕು. ನೀರು ಕಟ್ಟುವ ಹಳೆಯ ಪದ್ಧತಿ ಕ್ರೂರವೂ ಹೌದು, ಗಬ್ಬದ ಆಡಿಗೆ ಅಪಾಯವೂ ಹೌದು. ಒಣಹುಲ್ಲಿನ ಮೇಲೆ ಒಂದು ವಾರಕ್ಕಿಂತ ಹೆಚ್ಚು ಇಡುವುದೂ ಹಾಗೆಯೇ. ಹೊಟ್ಟೆಯಲ್ಲಿ ಎರಡು ಮೂರು ಮರಿಯಿದ್ದರೆ ಉಪವಾಸ ಕೆಡಿಸುತ್ತದೆ.

ನಿಲ್ಲಿಸಿದ ಮೂರ್ನಾಲ್ಕು ದಿನ ಕೆಚ್ಚಲು ಬಿಗಿದು ಹೊಳೆಯುತ್ತದೆ. ಅದನ್ನು ನೋಡಲಾರದೆ ದಿನಾ ಸ್ವಲ್ಪ ಸ್ವಲ್ಪ ಹಿಂಡುವುದು ಎಲ್ಲಕ್ಕಿಂತ ಕೆಟ್ಟ ದಾರಿ: ಒತ್ತಡ ಇಳಿದು ಹಾಲು ಮತ್ತೆ ಊರುತ್ತದೆ, ಕಟ್ಟುತ್ತಿದ್ದ ಬಿರಡೆಯೂ ಒಡೆಯುತ್ತದೆ. ಹಿಂಡುವ ಜಾಗಕ್ಕೆ ಕರೆದುಕೊಂಡು ಹೋಗುವುದೂ ಬೇಡ, ಆ ಜಾಗ ಕಂಡರೇ ಕೆಲವು ಆಡು ಸೊರ ಬಿಡುತ್ತವೆ. ಏಳರಿಂದ ಹತ್ತು ದಿನಕ್ಕೆ ಬಿಗಿ ಸಡಿಲಿ, ಎರಡನೆಯ ವಾರದ ಕೊನೆಗೆ ಕೆಚ್ಚಲು ಸುಕ್ಕಾಗುತ್ತದೆ. ಐದನೆಯ ದಿನವೂ ಕಲ್ಲಿನಂತಿದ್ದು ಆಡು ಕಾಲು ಅಗಲಿಸಿ ನಡೆಯುತ್ತಿದ್ದರೆ ಒಮ್ಮೆ ಮಾತ್ರ, ಪೂರ್ತಿಯಾಗಿ ಹಿಂಡಿ, ಅದ್ದಿ, ಮತ್ತೆ ಮೊದಲಿನಿಂದ ಶುರು ಮಾಡಿ. ಒಂದೇ ಕಡೆ ಬಿಸಿ, ನೋವು, ಮೇವು ಬಿಡುವುದು, ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಕಂಡರೆ ಅದು ಬತ್ತುವಿಕೆಯಲ್ಲ, ಬಾವು. ಅಂದೇ ವೈದ್ಯರನ್ನು ಕರೆಸಬೇಕು. ಇದಕ್ಕೆ ಬೇಕಾದ ಥರ್ಮಾಮೀಟರು ಮನೆಯಲ್ಲಿರುವಂಥದ್ದೇ ಸಾಕು, ಆಡಿಗೆ ಬೇರೆ ಇಟ್ಟುಕೊಳ್ಳಿ.

ಮೈಕಟ್ಟು ಅಳೆಯುವುದು, ಹುಳು, ಖನಿಜ

ಎದೆ ಸುತ್ತಳತೆಯಿಂದ ತೂಕ ಹೇಳುವ ಟೇಪುಗಳಲ್ಲಿ ಹಸುವಿನದು ಮತ್ತು ಹಂದಿಯದು ಆಡಿಗೆ ಹೊಂದುವುದಿಲ್ಲ. ಸಾಮಾನ್ಯ ದರ್ಜಿ ಟೇಪೇ ಸಾಕು. ಮುಂಗಾಲ ಹಿಂದಿನ ಎದೆ ಸುತ್ತಳತೆಯ ವರ್ಗವನ್ನು, ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗಿನ ಉದ್ದದಿಂದ ಗುಣಿಸಿ 10,840ರಿಂದ ಭಾಗಿಸಿದರೆ ಕಿಲೋ ಬರುತ್ತದೆ, ಅಳತೆ ಸೆಂಟಿಮೀಟರಿನಲ್ಲಿ. ಸುತ್ತಳತೆ 75, ಉದ್ದ 70 ಇದ್ದರೆ 36 ಕಿಲೋ. ಜಂತುನಾಶಕದ ಪ್ರಮಾಣ ಲೆಕ್ಕಹಾಕಲು ಇಷ್ಟು ನಿಖರತೆ ಸಾಲುತ್ತದೆ. ಗಬ್ಬದ ಕೊನೆಯ ತಿಂಗಳಲ್ಲಿ ಮಾತ್ರ ಮರಿಗಳ ತೂಕವೂ ಸೇರಿ ದಾರಿ ತಪ್ಪಿಸುತ್ತದೆ.

ಹೋತಕ್ಕೆ ಬಿಡಲು ಸಿದ್ಧವೇ ಎಂಬುದನ್ನು ತೂಕ ಹೇಳುವುದಿಲ್ಲ, ಕೈ ಹೇಳುತ್ತದೆ. ಒಂದರಿಂದ ಐದರ ಮೈಕಟ್ಟು ಅಂಕದಲ್ಲಿ 3ರಿಂದ 3.5 ಇರಬೇಕು. ಆಡಿಗೆ ಕೊಬ್ಬು ಮೊದಲು ಕೂರುವುದು ಹೊಟ್ಟೆಯೊಳಗೆ. ಸೊಂಟ ಮುಟ್ಟಿ ಸೊರಗಿದೆ ಎಂದುಕೊಂಡ ಹಾಲಿನ ಆಡಿನ ಒಳಗೆ ಬೇಕಾದಷ್ಟು ಕೊಬ್ಬಿರಬಹುದು. ಆದ್ದರಿಂದ ಎದೆಮೂಳೆಯ ಮೇಲಿನ ಕೊಬ್ಬಿನ ದಿಂಬನ್ನೂ ಹಿಡಿದು ನೋಡಬೇಕು. ಅಂಕ 2.5ಕ್ಕಿಂತ ಕೆಳಗಿದ್ದರೆ ಹೋತಕ್ಕೆ ಬಿಡುವ ಎರಡು ಮೂರು ವಾರ ಮುಂಚಿನಿಂದ, ಬಿಟ್ಟ ಮೇಲೂ ಎರಡು ವಾರ, ದಿನಕ್ಕೆ 200ರಿಂದ 400 ಗ್ರಾಂ ದಾಣಿ ಹೆಚ್ಚಿಸಿದರೆ ಅವಳಿ ಮರಿಗಳ ಸಾಧ್ಯತೆ ಏರುತ್ತದೆ. ಈಗಾಗಲೇ ಮೈತುಂಬಿದ ಆಡಿಗೆ ಇದರಿಂದ ಲಾಭವಿಲ್ಲ. ಈಗತಾನೇ ಬತ್ತಿಸಿದ ಆಡಿಗೂ ಈ ದಾಣಿ ಬೇಡ; ಕೆಚ್ಚಲು ಸುಕ್ಕಾಗುವ ಮುನ್ನ ದಾಣಿ ಕೊಟ್ಟರೆ ಅದು ಹಾಲಾಗಿ ಮರಳುತ್ತದೆ. ಕೊನೆಯ ಹಿಂಡುವಿಕೆಯಿಂದ ಮೂರು ವಾರ ಕಾಯುವುದು ಕ್ಷೇಮ.

ಹುಳುವಿನ ವಿಷಯದಲ್ಲಿ ಫಮಾಚಾ ಕಾರ್ಡು ಒಳ್ಳೆಯ ಖರೀದಿ. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗಾಗಿ ರೂಪಿಸಿದ್ದು, ಆಡಿಗೂ ಹೊಂದುತ್ತದೆ. ಕೆಳರೆಪ್ಪೆಯ ಒಳಬಣ್ಣವನ್ನು ಐದು ಬಣ್ಣಗಳೊಂದಿಗೆ ಹೋಲಿಸಿ ಹಿಮಾಂಕಸ್ ಹುಳು ಎಷ್ಟು ರಕ್ತ ಹೀರಿದೆ ಎಂದು ಅಂದಾಜಿಸುವುದು. ಆಡಿನಲ್ಲಿ 3 ಬಂದರೂ ಔಷಧಿ ಕೊಡುವುದು ಸರಿ. ನೋಡಬೇಕಾದದ್ದು ಬಿಸಿಲಿನ ಬೆಳಕಿನಲ್ಲಿ. ಕೊಟ್ಟಿಗೆಯ ಹಳದಿ ಬಲ್ಬಿನಡಿ ಎಲ್ಲ ಆಡೂ ರಕ್ತಹೀನವೇ. ಕಾರ್ಡಿನ ಬಣ್ಣ ಬಿಸಿಲಿಗೆ ಮಾಸುತ್ತದೆ, ಮಾಸಿದರೆ ಬದಲಿಸಿ. ಬೇರೆ ಜಾತಿಯ ಹುಳುಗಳನ್ನು ಇದು ತೋರಿಸುವುದಿಲ್ಲ, ಅದಕ್ಕೆ ಹಿಕ್ಕೆ ಪರೀಕ್ಷೆಯೇ ಆಗಬೇಕು. ಮರಿ ಕಳೆಯುವ ಮೊದಲ ಜಾಗ ಇದು: ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತುನಾಶಕ ಕೊಡಬಾರದು, ಭ್ರೂಣ ವಿಕಾರವಾಗುತ್ತದೆ. ಹೋತಕ್ಕೆ ಬಿಡುವ ಮುನ್ನವೇ ಹುಳುವಿನ ಕೆಲಸ ಮುಗಿಸಿದರೆ ಈ ಚಿಂತೆಯೇ ಇಲ್ಲ.

ಖನಿಜ ಮಿಶ್ರಣದಲ್ಲಿ ಕುರಿಯ ಪೊಟ್ಟಣವನ್ನು ಆಡಿಗೆ ಹಾಕುವುದು ದೊಡ್ಡ ತಪ್ಪು. ತಾಮ್ರ ಕುರಿಗೆ ಬೇಗ ವಿಷವಾಗುವುದರಿಂದ ಅದರಲ್ಲಿ ತಾಮ್ರ ಸೇರಿಸಿರುವುದಿಲ್ಲ; ಆಡಿಗೆ ತಾಮ್ರ ಬೇಕೇ ಬೇಕು. ಕಪ್ಪು ಕೂದಲು ಕೆಂಚಾಗುವುದು, ಬಾಲದ ತುದಿ ಬೋಳಾಗಿ ಕವಲೊಡೆಯುವುದು, ಬೆದೆ ಸರಿಯಾಗಿ ಬಾರದಿರುವುದು ಕೊರತೆಯ ಗುರುತು. ನೆಕ್ಕುವ ಗಟ್ಟಿ ಇಟ್ಟಿಗೆಗಿಂತ ಪುಡಿ ಮೇಲು; ಇಟ್ಟಿಗೆಯಿಂದ ಆಡು ದಿನಕ್ಕೆ ಬೇಕಾದಷ್ಟು ನೆಕ್ಕುವುದಿಲ್ಲ. ತಾಮ್ರದ ಆಕ್ಸೈಡ್ ತಂತಿಚೂರಿನ ಗುಳಿಗೆಗಳು ದೊಡ್ಡ ಆಡಿಗೆ ನಾಲ್ಕು ಗ್ರಾಂ ಲೆಕ್ಕದಲ್ಲಿ ಸಿಗುತ್ತವೆ. ಹಸುವಿನ ದೊಡ್ಡ ಗುಳಿಗೆಯನ್ನು ಬಿಚ್ಚಿ ತೂಗಿ ಚಿಕ್ಕ ಕ್ಯಾಪ್ಸೂಲಿಗೆ ತುಂಬುವಾಗ ತಕ್ಕಡಿ ತಪ್ಪಿದರೆ ವಿಷವೇ. ಕ್ಯಾಪ್ಸೂಲನ್ನು ಆಡು ಅಗಿದರೆ ದುಡ್ಡು ದಂಡ, ನಾಲಿಗೆಯ ಬುಡದಾಚೆ ಇಡಬೇಕು. ಸೆಲೆನಿಯಂ ಇರುವ ಎರಡು ಉತ್ಪನ್ನಗಳನ್ನು ಒಟ್ಟಿಗೆ ಕೊಡಬೇಡಿ, ಬೇಕಾದದ್ದಕ್ಕೂ ವಿಷಕ್ಕೂ ಅಂತರ ತೀರ ಕಡಿಮೆ.

ಗಬ್ಬದ ಕೊನೆಯ ಆರು ವಾರಕ್ಕೆ ಒಂದು ಅಚ್ಚರಿಯ ಶಿಫಾರಸು: ಮನುಷ್ಯರ ಮಧುಮೇಹಕ್ಕೆಂದು ಮಾರುವ ರಕ್ತದ ಕೀಟೋನ್ ಮೀಟರು. ಮೇವು ಸಾಲದೆ ಮೈಕೊಬ್ಬು ಕರಗುವಾಗ ರಕ್ತದಲ್ಲಿ ಸೇರುವ ವಸ್ತುವೇ ಕೀಟೋನ್. ಪ್ರಾಣಿಗಳಿಗೆಂದು ಮಾಡಿದ ಎಷ್ಟೋ ವಸ್ತುಗಳಿಗಿಂತ ಇದು ಆಡಿಗೆ ಚೆನ್ನಾಗಿ ಒಗ್ಗುತ್ತದೆ. ಕಿವಿಯ ನರದಿಂದ ಒಂದು ಹನಿ ಸಾಕು. ಲೀಟರಿಗೆ 0.8 ಮಿಲಿಮೋಲ್ ದಾಟಿದರೆ ಮೇವು ಸಾಲುತ್ತಿಲ್ಲ ಎಂದರ್ಥ. ಆಡು ಮಂಕಾಗುವ ಮುನ್ನವೇ ತಿಳಿಯುತ್ತದೆ. ಈ ಮೀಟರಿನ ಪಟ್ಟಿಗಳು ತೇವಕ್ಕೆ ಬೇಗ ಕೆಡುತ್ತವೆ. ಕರುಳುಬೇನೆ ಮತ್ತು ಧನುರ್ವಾಯು ಲಸಿಕೆಯ ಮರುಮಾತ್ರೆ ಈಯುವ ನಾಲ್ಕು ವಾರ ಮುಂಚೆ. ಮೇಲಿನ ಲೆಕ್ಕದ ಆಡಿಗೆ ಫೆಬ್ರವರಿ 9.

ಬೆದೆ ಹಿಡಿಯುವುದು

ಬೆದೆಯ ಚಕ್ರ 21 ದಿನ, ಬೆದೆ ಇರುವುದು ಒಂದರಿಂದ ಎರಡು ದಿನ. ಬಾಲ ಪಟಪಟನೆ ಆಡಿಸುವುದು, ಒಂದೇ ಸಮನೆ ಕೂಗುವುದು ಮೊದಲ ಗುರುತು. ಲೋಳೆ ಮೊದಲಿಗೆ ತಿಳಿ, ಕೊನೆಗೆ ಬೆಳ್ಳಗೆ ದಪ್ಪ. ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯಲ್ಲಿ. ಆದ್ದರಿಂದ ಗುರುತು ಕಂಡ ಹನ್ನೆರಡು ಗಂಟೆಗೆ ಒಮ್ಮೆ, ಇನ್ನೂ ನಿಂತುಕೊಡುತ್ತಿದ್ದರೆ ಮತ್ತೆ ಹನ್ನೆರಡು ಗಂಟೆಗೆ ಇನ್ನೊಮ್ಮೆ ಹಾರಿಸಬೇಕು. ಒಂಟಿ ಆಡು ಸಾಕಿದವರಿಗೆ ಹೋತನ ಕೊಂಬಿನ ಬುಡ ಉಜ್ಜಿದ ಬಟ್ಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡು ದಿನಾ ಮೂಸಿಸುವುದು ಕಾಸು ಖರ್ಚಿಲ್ಲದ ಪರೀಕ್ಷೆ. ಹೋತನನ್ನು ಆರಿಸುವಾಗ ಒಂದು ಮಾತು: ಹುಟ್ಟುಬೋಳು ಆಡಿಗೆ ಹುಟ್ಟುಬೋಳು ಹೋತ ಬೇಡ, ಮರಿಗಳಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದವು ಹುಟ್ಟುತ್ತವೆ.

ಹೋತನ ಎದೆಗೆ ಕಟ್ಟುವ ಬಣ್ಣದ ಬಳಪದ ಪಟ್ಟಿ ಹಿಂಡು ದೊಡ್ಡದಿದ್ದರೆ ಉಪಯುಕ್ತ. ಆದರೆ ಟಗರಿನ ಅಗಲ ಎದೆಗೆ ಹೊಲಿದ ಪಟ್ಟಿ ಹೋತನ ಇಕ್ಕಟ್ಟು ಎದೆಯ ಮೇಲೆ ಜಾರಿ ಕಂಕುಳಲ್ಲಿ ಹುಣ್ಣು ಮಾಡುತ್ತದೆ. ಮೂರು ದಿನಕ್ಕೊಮ್ಮೆ ಬಿಗಿ ನೋಡಬೇಕು. ಬಳಪದಲ್ಲಿ ಬಿಸಿ ಹವೆಯದು, ತಣ್ಣನೆ ಹವೆಯದು ಎಂದು ಬೇರೆ ಇವೆ. ತಪ್ಪಾದದ್ದು ಹಾಕಿದರೆ ಒಂದೋ ಕರಗಿ ಎಲ್ಲ ಆಡಿಗೂ ಮೆತ್ತುತ್ತದೆ, ಇಲ್ಲವೇ ಗುರುತೇ ಬೀಳುವುದಿಲ್ಲ. ಪೊಟ್ಟಣದಲ್ಲಿ ಬಣ್ಣ ಬದಲಿಸುವ ದಿನ ಕುರಿಯ 17 ದಿನದ ಚಕ್ರಕ್ಕೆ ತಕ್ಕಂತೆ ಇರುತ್ತದೆ. ಆಡಿಗೆ 18ನೆಯ ದಿನ ಬದಲಿಸಿದರೆ ಮರಳಿ ಬೆದೆಗೆ ಬಂದದ್ದು ಹೊಸ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬೆದೆಯನ್ನು ತಡೆಹಿಡಿಯುವ ಪ್ರೊಜೆಸ್ಟರಾನ್ ತರದ ಹಾರ್ಮೋನು ತುಂಬಿ ಯೋನಿಯೊಳಗೆ ಇಡುವ ಸ್ಪಂಜುಗಳು ಕೃತಕ ಗರ್ಭಧಾರಣೆಗೆ, ಎಲ್ಲ ಆಡು ಒಟ್ಟಿಗೆ ಈಯಬೇಕೆನ್ನುವವರಿಗೆ. ಆಡಿನ ಸ್ಪಂಜಿನಲ್ಲಿ 45 ಮಿಲಿಗ್ರಾಂ ಫ್ಲೂರೋಜೆಸ್ಟೋನ್ ಎಂಬ ಆ ಹಾರ್ಮೋನು, ಕುರಿಯದರಲ್ಲಿ ಅದಕ್ಕಿಂತ ಕಡಿಮೆ, ಕೊಳ್ಳುವಾಗ ನೋಡಿ. ಹನ್ನೊಂದು ದಿನ ಒಳಗಿಟ್ಟು, ತೆಗೆಯುವ 48 ಗಂಟೆ ಮುಂಚೆ ಕ್ಲೋಪ್ರೋಸ್ಟೆನಾಲ್ ಮತ್ತು ಇಸಿಜಿ (ಗಬ್ಬದ ಕುದುರೆಯ ರಕ್ತದಿಂದ ತೆಗೆದ, ಅಂಡ ಬಲಿಸುವ ಹಾರ್ಮೋನು) ಚುಚ್ಚುವುದು ಚಾಲ್ತಿಯ ಕ್ರಮ. ತೆಗೆದಾಗ ಬರುವ ದುರ್ವಾಸನೆಯ ಸ್ರಾವಕ್ಕೆ ಹೆದರಬೇಕಿಲ್ಲ. ಮರಿ ಕಳೆಯುವ ಎರಡನೆಯ ಜಾಗ ಇಲ್ಲಿದೆ: ಆಡಿನ ಗಬ್ಬ ಮೊದಲಿಂದ ಕೊನೆಯವರೆಗೆ ಅಂಡಾಶಯದ ಹಳದಿ ಕಾಯದ ಮೇಲೆಯೇ ನಿಂತಿರುತ್ತದೆ, ಕ್ಲೋಪ್ರೋಸ್ಟೆನಾಲ್ ಅದನ್ನು ಕರಗಿಸುತ್ತದೆ. ಗಬ್ಬವಾಗಿದ್ದ ಆಡಿಗೆ ತಿಳಿಯದೆ ಚುಚ್ಚಿದರೆ ಅದು ಕಂದು ಹಾಕುತ್ತದೆ. ಇಸಿಜಿಯನ್ನು ವರ್ಷ ವರ್ಷ ಕೊಟ್ಟರೆ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಬೆಳೆದು ಫಲ ಇಳಿಯುತ್ತದೆ. ಮನೆಮಟ್ಟದಲ್ಲಿ ಈ ಖರ್ಚಿಗೆ ಅರ್ಥವಿಲ್ಲ. ಹೋತನನ್ನು ನಾಲ್ಕು ವಾರ ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರವಿಟ್ಟು, ಒಮ್ಮೆಲೇ ತಂದು ಕಟ್ಟಿದರೂ ಆಡುಗಳು ಕೆಲವೇ ದಿನದಲ್ಲಿ ಬೆದೆಗೆ ಬರುತ್ತವೆ.

ಗಬ್ಬ ಪರೀಕ್ಷೆಯ ಸೇವೆಗಳಲ್ಲಿ ಪ್ರೊಜೆಸ್ಟರಾನ್ ಪರೀಕ್ಷೆಗೆ ಹೋಗಬೇಡಿ. ಸುಳ್ಳು ಗಬ್ಬದಲ್ಲಿ, ಅಂದರೆ ಗರ್ಭಕೋಶದಲ್ಲಿ ಬರೀ ನೀರು ತುಂಬಿದಾಗಲೂ, ಅದು ಗಬ್ಬ ಎಂದೇ ಹೇಳುತ್ತದೆ. ಹಾಲಿನ ಆಡುಗಳಲ್ಲಿ ಇದು ಅಪರೂಪವೇನಲ್ಲ. ಪಿಎಜಿ ಪರೀಕ್ಷೆ ಭ್ರೂಣದ ಮಾಸಿನಿಂದ ಬರುವ ಪ್ರೋಟೀನನ್ನು ಹುಡುಕುತ್ತದೆ, ಸುಳ್ಳು ಗಬ್ಬಕ್ಕೆ ಮೋಸ ಹೋಗುವುದಿಲ್ಲ. ಹೋತ ಹಾರಿದ 30 ದಿನದ ನಂತರ ರಕ್ತ ಕಳಿಸಿದರೆ ಸಾಕು, ಹಾಲಿನಲ್ಲೂ ಮಾಡುತ್ತಾರೆ. ಅಲ್ಟ್ರಾಸೌಂಡ್ ಮಾಡುವವರು ಹತ್ತಿರವಿದ್ದರೆ ಅದೇ ಉತ್ತಮ: ಕೆಚ್ಚಲ ಮುಂದೆ ಬಲಗಡೆಯ ಕೂದಲಿಲ್ಲದ ಜಾಗದಲ್ಲಿ ಹಿಡಿದರೆ 45ರಿಂದ 90ನೆಯ ದಿನದೊಳಗೆ ಮರಿ ಎಷ್ಟು ಎಂದೂ ಎಣಿಸಬಹುದು. ಬತ್ತಿಸುವ ದಿನಕ್ಕೆ ಮುಂಚೆ ಈ ಎಣಿಕೆ ಕೈಗೆ ಬಂದರೆ, ಯಾವ ಆಡನ್ನು ಒಣಹುಲ್ಲಿನ ಮೇಲೆ ಪೂರ್ತಿ ವಾರ ಇಡಬಹುದು, ಯಾವುದನ್ನು ಮೂರೇ ದಿನಕ್ಕೆ ಒಳ್ಳೆಯ ಮೇವಿಗೆ ಮರಳಿಸಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.